ಪಿ.ಹೆಚ್.

ಗಂಗಾವತಿಯ ಮಣ್ಣು ಪರೀಕ್ಷೆಯ ಕೋಣೆಯಲ್ಲಿ
ಕಿಟಕಿ ಪಕ್ಕದ ಸ್ಟೂಲು ನನ್ನದು.
ಹತ್ತಕ್ಕೆಲ್ಲ ಚೀಟಿ ಕಟ್ಟಿದ ಚೀಲಗಳು ಬಂದು ಕೂರುತ್ತವೆ,
ಕಾರಟಗಿ, ಸಿದ್ದಾಪುರ, ಮರಳಿ, ಢಣಾಪುರ,
ಗದ್ದೆಯ ವಾಸನೆ ಇನ್ನೂ ಆರದ ಎರೆಮಣ್ಣು.
ನೀರಲ್ಲಿ ಕಲಕಿ, ಕಡ್ಡಿ ಅದ್ದಿ, ಬರೆಯುತ್ತೇನೆ:
ಪಿ.ಹೆಚ್. ಎಂಟೂವರೆ.
ಪಿ.ಹೆಚ್. ಒಂಬತ್ತು ಪಾಯಿಂಟ್ ಎರಡು. ಸವಳು.

ಇಂಗ್ಲಿಷಿನಲ್ಲಿ ಈ ಪಿ ಚಿಕ್ಕದು, ಹೆಚ್ ದೊಡ್ಡದು,
ಅಣ್ಣನ ಕೈ ಹಿಡಿದ ತಂಗಿಯ ಹಾಗೆ.
ನಮ್ಮ ಅಕ್ಷರಗಳಲ್ಲಿ ಚಿಕ್ಕದು ದೊಡ್ಡದು ಇಲ್ಲವಲ್ಲ,
ಬರೆದ ಕೂಡಲೇ ನನ್ನ ನೇಮಕಾತಿ ಆದೇಶ
ಕಾಗದದಡಿಯಿಂದ ಇಣುಕುತ್ತದೆ:
ಯಮನೂರಪ್ಪ ತಂದೆ ಫಕೀರಪ್ಪ, ಪಿ.ಹೆಚ್.
ಎಡಗಾಲು. ಶೇಕಡಾ ನಲವತ್ತೈದು.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು ಟೇಪು ಹಿಡಿದು
ತೊಡೆ ಅಳೆದು, ಮೀನಖಂಡ ಅಳೆದು,
ಟೈಲರನಂತೆ ಕಿವಿಗೆ ಪೆನ್ನು ಸಿಕ್ಕಿಸಿ
ಯೋಚಿಸಿ ಹಾಕಿದ ಅಂಕಿ.
ನಲವತ್ತಕ್ಕಿಂತ ಕೆಳಗಿಳಿದಿದ್ದರೆ
ನಾನು ಪೂರ್ತಿ ಮನುಷ್ಯ. ಕೆಲಸ ಮಾತ್ರ ಇಲ್ಲ.

ಸೇರಿದ ವಾರ ಸಾಹೇಬರು ರಿಜಿಸ್ಟರು ತಿರುವುತ್ತ ಕೂಗಿದರು:
"ಪಿ.ಹೆಚ್. ಎಲ್ಲಿ?"
ಹೋಗಿ ಹೊಸ್ತಿಲಲ್ಲಿ ನಿಂತೆ.
"ನಿಂದಲ್ಲೋ ತಮ್ಮಾ, ಮಣ್ಣಿಂದು."
ಎಲ್ಲರೂ ನಕ್ಕರು. ನಾನೂ ನಕ್ಕೆ,
ಸ್ವಲ್ಪ ತಡವಾಗಿ.

ಸಂಘದ ಮಾಬುಬಿಗೆ ಇದನ್ನು ಹೇಳಬಾರದಿತ್ತು.
ಮೂರು ಗಾಲಿಯ ಸ್ಕೂಟರು ನಡುರಸ್ತೆಯಲ್ಲೇ ನಿಲ್ಲಿಸಿದಳು:
"ಆ ಎರಡಕ್ಷರ ಹೋಗಿ ಯಾವ ಕಾಲ ಆತೋ ಯಮನೂರ.
ಕಾಯ್ದೆ ಬದಲಾಗೇತಿ. ನಾವೀಗ ಪಿ.ಡಬ್ಲ್ಯು.ಡಿ."

ಹಾಗೆಂದೇ ಬ್ಯಾನರು ಬರೆಸಿ, ಇಳಿಜಾರು ದಾರಿ ಬೇಕೆಂದು
ಹನ್ನೊಂದು ಮಂದಿ ಕಚೇರಿಗೆ ಹೋದೆವು.
ಜವಾನ ಬ್ಯಾನರು ಓದಿ, ಬೀಡಿ ಆರಿಸಿ, ಎದ್ದು ನಿಂತ:
"ರೋಡಿನ ಇಲಾಖೆಯವರೇನ್ರೀ? ಬರ್ರಿ, ಮ್ಯಾಲೆ ಬರ್ರಿ."
ಮೇಲೆ ಹೋಗಲು ಏಳು ಮೆಟ್ಟಿಲು.
ಕಟ್ಟಿಸಿದವರು ಪಿ.ಡಬ್ಲ್ಯು.ಡಿ.
ಕೆಳಗೆ ಬಿಸಿಲಲ್ಲಿ ನಿಂತವರೂ ಅದೇ.
ಮಾಬುಬಿ ನಕ್ಕಳು ನೋಡಿ,
ಬ್ಯಾನರಿನ ಕೋಲು ಅಲುಗುವಷ್ಟು.
ಅರ್ಜಿಗೆ ನಂಬರು ಬಿದ್ದಿದೆ. ಅಷ್ಟಾಗಿದೆ.

ಮಣ್ಣಿಗೆ ನಾನು ಮದ್ದು ಬರೆಯಬಲ್ಲೆ:
ಎಕರೆಗೆ ಇಷ್ಟು ಜಿಪ್ಸಂ, ನೀರು ಬಸಿಯಲು ಒಂದು ಕಾಲುವೆ.
ಚೀಟಿ ಮಡಚುತ್ತ ಢಣಾಪುರದವನು ಕೇಳುತ್ತಾನೆ,
"ಎಷ್ಟಕ್ಕ ಬರಬೇಕ್ರೀ ಇದು?"
"ಏಳಕ್ಕೆ."
ಅತ್ತ ಹುಳಿಯಲ್ಲ, ಇತ್ತ ಸವಳಲ್ಲ.

ಅವ್ವ ನನ್ನನ್ನು ಗೋಡೆಗೆ ಆನಿಸಿ
ಎರಡು ಹೆಜ್ಜೆ ಹಿಂದೆ ಸರಿದು
ಬೆಲ್ಲದ ಚೂರು ತೋರಿಸಿ ಕರೆಯುತ್ತಿದ್ದಳು,
ಏಳು, ಏಳಪ್ಪಾ, ಏಳು.

ದಿನಾ ಚೀಲ ಬಿಚ್ಚುವ ಮೊದಲು
ಯಂತ್ರವನ್ನು ಹದಕ್ಕೆ ತರಬೇಕು.
ಕಡ್ಡಿಯನ್ನು ತಿಳಿದ್ರಾವಣದಲ್ಲಿ ಅದ್ದಿ ಕಾಯುತ್ತೇನೆ.
ಅಂಕಿಗಳು ತಡವರಿಸುತ್ತವೆ,
ಹಿಂದೆ ಮುಂದೆ ತೂಗುತ್ತವೆ,
ಆಮೇಲೆ ಕದಲದೆ
ಏಳು, ಅನ್ನುತ್ತದೆ.
ಆಯಿತು ಬಿಡು, ಅನ್ನುತ್ತೇನೆ.
ಕೂತಲ್ಲೇ ಕೈ ಚಾಚಿ
ಮರಳಿಯ ಚೀಲದ ಗಂಟು ಬಿಚ್ಚುತ್ತೇನೆ.