ಇನ್ನೊಮ್ಮೆ ಒತ್ತಿ

ಹಗೇದಿಬ್ಬ ಸರ್ಕಲ್ಲಿನ ಮೂಲೆಯಲ್ಲಿ ನನ್ನದೊಂದು ಟೇಬಲ್ಲು,
ಒಂದು ಕಂಪ್ಯೂಟರು, ಬೆರಳು ಓದುವ ಒಂದು ಕೆಂಪುಗಣ್ಣು.
ಹೆಸರಿನ ದೀರ್ಘ ತಪ್ಪಿದವರು, ಹುಟ್ಟಿದ ದಿನ ಕಳಕೊಂಡವರು,
ಗಂಡನ ಜಾಗದಲ್ಲಿ ಅಪ್ಪ, ಅಪ್ಪನ ಜಾಗದಲ್ಲಿ ಮಾವ ಬಂದು ಕೂತವರು
ಸಾಲು ನಿಲ್ಲುತ್ತಾರೆ. ತಿದ್ದುತ್ತೇನೆ. ಐವತ್ತು ರೂಪಾಯಿ.

ಜನ ಇಲ್ಲದ ಹೊತ್ತು, ಲೈಬ್ರರಿಯಿಂದ ತಂದ
ಜಪಾನಿನ ಕತೆಗಳನ್ನು ಓದುತ್ತೇನೆ.
ರಟ್ಟು ಕಿತ್ತ ಪುಸ್ತಕ; ಯಾರು ಕನ್ನಡಕ್ಕೆ ತಂದರೋ, ಆ ಪುಟವೂ ಇಲ್ಲ.
ಒಂದರಲ್ಲಿ ಒಬ್ಬಳು ದಿನಾ ರಾತ್ರಿ ಮುಖ ತೊಳೆದು
ಟವೆಲ್ಲಿನ ಪಕ್ಕದ ಮೊಳೆಗೆ ಮುಖವನ್ನೂ ನೇತುಹಾಕುತ್ತಾಳೆ;
ಒಂದು ಬೆಳಿಗ್ಗೆ ಆತುರದಲ್ಲಿ ನಾದಿನಿ ಅದನ್ನು ಹಾಕಿಕೊಂಡು
ಅವಳ ಆಫೀಸಿಗೆ ಹೋಗಿಬಿಡುತ್ತಾಳೆ.
ಯಾರಿಗೂ ಗೊತ್ತಾಗುವುದಿಲ್ಲ. ಸಂಬಳವೂ ಸರಿಯಾಗಿ ಬರುತ್ತದೆ.
ಬರೆದವಳು ಎಲ್ಲೂ ಬೆರಗಾಗುವುದಿಲ್ಲ, ನನಗೆ ಹಿಡಿಸಿದ್ದು ಅದೇ:
ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳುತ್ತಾಳೆ
ಹೆಂಗಸು ಇಲ್ಲವಾದಳು ಎಂದು.

ಜೈತುನ್‌ಬಿ ಬಂದಾಗ ನಾನು ಆ ಪುಟದಲ್ಲೇ ಇದ್ದೆ.
ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷ,
ಉಪ್ಪುನೀರು, ಅಕ್ಕಿ, ಕಾದ ಮರಳು, ಜರಡಿ, ಮತ್ತೆ ಮರಳು.
ಮೂರು ತಿಂಗಳಿಂದ ರೇಷನ್ ಅಕ್ಕಿ ಇಲ್ಲ.
ಹೆಬ್ಬೆರಳು ಇಟ್ಟಳು. ಯಂತ್ರ ಅಂದಿತು: ಇನ್ನೊಮ್ಮೆ ಒತ್ತಿ.
ತೋರುಬೆರಳು. ಇನ್ನೊಮ್ಮೆ ಒತ್ತಿ.
ಸೆರಗಿಗೆ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ನಿಂಬೆಹೋಳು ಉಜ್ಜಿ,
ಹತ್ತೂ ಮುಗಿದವು. ಹತ್ತೂ ತೊಳೆದ ಸ್ಲೇಟು.
"ನಾನು ನಾನಲ್ಲಂತಾ?"
"ಹಂಗೇನಿಲ್ಲಮ್ಮಾ, ಸರ್ವರ್ ಬಿದ್ದೈತಿ, ನಾಳೆ ಬಾ" ಎಂದೆ.
ಇಂಥ ಸುಳ್ಳೂ ಐವತ್ತು ರೂಪಾಯಿಯೊಳಗೇ ಸೇರಿದೆ.
ದುಡ್ಡು ಬೇಡ ಅಂದದ್ದಕ್ಕೆ
ಪೇಪರಿನ ಪೊಟ್ಟಣವೊಂದನ್ನು ಟೇಬಲ್ಲಿನ ಮೇಲಿಟ್ಟು ಹೋದಳು,
ಇನ್ನೂ ಬೆಚ್ಚಗಿತ್ತು.

ಸಂಜೆ ಎದುರಿನ ಗಾಡಿಯಿಂದ ಮೆಣಸಿನಕಾಯಿ ತರಿಸಿ ಬಿಚ್ಚಿದೆ.
ಒಂದು ಮಂಡಕ್ಕಿಯ ಹೊಟ್ಟೆಯ ಮೇಲೆ ಸಣ್ಣ ಸುಳಿ.
ಬೆಳಕಿಗೆ ಹಿಡಿದೆ: ಸುಳಿಯ ಸುತ್ತ ಕಮಾನು, ಅಡ್ಡಕ್ಕೊಂದು ಸುಟ್ಟ ಗೆರೆ.
ಸುಮ್ಮನೆ ಕೆಂಪುಗಣ್ಣಿನ ಮೇಲೆ ಇಟ್ಟೆ.
ಹಸಿರು.
ಜೈತುನ್‌ಬಿ, ಗಂಡ ಬಾಬುಜಾನ್, ವಯಸ್ಸು ಐವತ್ತೆಂಟು.
ಇನ್ನೊಂದು ಇಟ್ಟೆ. ಜೈತುನ್‌ಬಿ.
ಮುಷ್ಟಿ ತುಂಬ ಸುರಿದೆ. ಜೈತುನ್‌ಬಿ ಜೈತುನ್‌ಬಿ ಜೈತುನ್‌ಬಿ,
ಪರದೆ ತುಂಬಿ ಕೆಳಗೆ ಇಳಿಯಿತು ಹೆಸರು.

ಹಾಗಾದರೆ ಈ ಊರು?
ಗಡಿಯಾರ ಕಂಬದ ಕೆಳಗೆ, ಅಶೋಕ ಟಾಕೀಸಿನ ಹತ್ತಿರ
ರೈಲ್ವೆ ಗೇಟು ಬಿದ್ದಾಗ ಬೈಕಿನ ಮೇಲೆ ಕೂತಲ್ಲೇ,
ಮಂಡಿಪೇಟೆಯ ಗದ್ದಿಗೆಗಳಲ್ಲಿ, ಸೀಮಂತದ ಮನೆಯಲ್ಲಿ,
ಮೂವತ್ತೊಂದು ವರ್ಷ, ಸಂಜೆ ಸಂಜೆ,
ಅವಳ ಬೆರಳುಗಳನ್ನು ಈರುಳ್ಳಿ ಹಾಕಿ ಕಲಸಿ ತಿಂದಿದೆ.

ನನ್ನ ಹೆಬ್ಬೆರಳನ್ನೂ ಇಟ್ಟೆ.
ತವರಿನಲ್ಲಿ ನಾನು ಕೊಟ್ರಮ್ಮ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ
ಉಂಗುರದಿಂದ ಗೀಚಿ ಸುಚೇತಾ ಮಾಡಿದರು.
ಆ ಅಕ್ಕಿಯನ್ನೇ ಮರುದಿನ ಬೇಯಿಸಿ ಬಡಿಸಿದರು; ನಾನೂ ಉಂಡೆ.
ಊರಿನ ಹೆಸರೆಲ್ಲ ತಿದ್ದುವ ನಾನು
ನನ್ನ ಕಾರ್ಡಿನಲ್ಲಿ ಯಾವುದು ಉಳಿದಿದೆ ಎಂದು ನೋಡಿ ಎಷ್ಟು ವರ್ಷವಾಯಿತೋ.
ಯಂತ್ರ ಬಹಳ ಹೊತ್ತು ಯೋಚಿಸಿತು.
ಇನ್ನೊಮ್ಮೆ ಒತ್ತಿ, ಅಂದಿತು.
ಒತ್ತಲಿಲ್ಲ.

ಮರುದಿನ ಜೈತುನ್‌ಬಿ ಬಂದಳು. "ಸಿಕ್ತೇನವ್ವಾ?"
ಸಿಕ್ಕಿತು ಎಂದು ಪೊಟ್ಟಣದಲ್ಲಿ ಉಳಿದದ್ದನ್ನು
ಅವಳ ಅಂಗೈಗೆ ಸುರಿದೆ.
(ಒಂದನ್ನು ಮಾತ್ರ, ಓದಿ ನಿಲ್ಲಿಸಿದ ಪುಟದ ಗುರುತಿಗೆ ಇಟ್ಟುಕೊಂಡಿದ್ದೆ; ಹೇಳಲಿಲ್ಲ.)
ನನ್ನನ್ನು ನೋಡಿದಳು, ಯಂತ್ರವನ್ನು ನೋಡಿದಳು,
ನಾಲ್ಕು ಕಾಳು ಬಾಯಿಗೆ ಹಾಕಿ ನಿಧಾನ ಜಗಿದಳು.
"ಮೆತ್ತಗಾಗ್ಯಾವು" ಅಂದಳು. "ಉಪ್ಪೂ ಕಮ್ಮಿ.
ಇದು ನನ್ನ ಕೈದಲ್ಲ."