ಮೊದಲ ಗುಡುಗಿಗೆ ಒಂದು ಸೌಟು

ಹೆಸರು ಚೆಚೆಕ್. ಹೂವು ಅಂತ ಅರ್ಥವಂತೆ.
ನಮ್ಮತ್ತೆ ಮಾಳಕ್ಕ ಅವತ್ತಿಂದಲೇ ‘ಹೂವಿ’ ಅಂದಳು,
ಹೂವೀ ಬಾ, ಹೂವೀ ಉಣ್ಣು.

ಅಲ್ತಾಯ್ ಅನ್ನೋ ಬೆಟ್ಟಸೀಮೆಯಿಂದ
ಶಿರಾದಾಚೆ ನಮ್ಮ ಗುಂಡಿಮಗ್ಗಕ್ಕೆ
ಕಂಬಳಿ ಕಲಿಯಲು ಬಂದವಳು.
ಅವರ ಕಡೆ ಉಣ್ಣೆ ನೇಯೋದಕ್ಕಿಂತ ತುಳಿಯೋದೇ ಹೆಚ್ಚಂತೆ,
ಬಿಸಿನೀರು ಚೆಲ್ಲಿ, ಸುರುಳಿ ಸುತ್ತಿ, ಉರುಳಿಸಿ ಉರುಳಿಸಿ.
ಹುಣಸೆಬೀಜದ ಗಂಜಿಗೆ ಮೊದಲ ದಿನ ಮೂಗು ಮುಚ್ಚಿದಳು,
ಮೂರನೇ ದಿನ ಮೊಣಕೈ ತನಕ ಅದರಲ್ಲೇ ಇಳಿದಿದ್ದಳು.

ನಮ್ಮ ಮಾತು ಫೋನಿನ ತರ್ಜುಮೆಯಲ್ಲಿ.
ಅದು ಒಮ್ಮೊಮ್ಮೆ ಕುರಿಯನ್ನು ಮೋಡ ಅನ್ನುತ್ತಿತ್ತು.
ನಾವಿಬ್ಬರೂ ತಿದ್ದಲು ಹೋಗಲಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂದೆ.
ನಮ್ಮದು ಹಾಗೆ ಹೋಗೋ ಚಳಿಯಲ್ಲ ಅಂದಳು,
ಹೊಸ ವರ್ಷ ಬಂದು ಹಿಮದ ಮೇಲೇ ಕೂರಬೇಕು.
ಜಾಗರಣೆಯ ರಾತ್ರಿ ನಮ್ಮ ಜೊತೆ ಎಚ್ಚರವಿದ್ದು
ಬೆರಳಲ್ಲಿ ಏನೋ ಎಣಿಸಿಕೊಂಡಳು.
ಅಮಾವಾಸ್ಯೆ ಕಳೆದು, ಪಾಡ್ಯ ಇನ್ನೂ ಮಬ್ಬಿರುವಾಗ
ಬಾಗಿಲು ಬಡಿದಳು: ಇವತ್ತು ಚಾಗಾ ಬೈರಮ್,
ಬಿಳಿ ಹಬ್ಬ. ಹಾಲು ಬೇಕು.

ಹಾಲೆಲ್ಲಾ ಆಗಲೇ ಡೈರಿಯ ಕ್ಯಾನಿನಲ್ಲಿ.
ಸೆಕ್ರೆಟರಿ ಈರಲಿಂಗಪ್ಪ ಅಳತೆಯ ಕಡ್ಡಿ ಎತ್ತಿ,
‘ನೆಲಕ್ಕೆ ಚೆಲ್ಲಕ್ಕಾ? ಫ್ಯಾಟು ಎಷ್ಟಿರಬೇಕು?’ ಅಂದ.
ಅತ್ತೆ ಒಳಗಿಂದಲೇ ಗದರಿದಳು:
‘ಹುತ್ತಕ್ಕೆ ಎರೆಯೋವಾಗ ನಿಮ್ಮಪ್ಪನ್ನ ಕೇಳಿದ್ನೇನೋ,
ಹಾಕೋ ಅರ್ಧ ಲೀಟ್ರು.’

ಪುಟ್ಟ ಚೀಲದಿಂದ ಒಣಸೊಪ್ಪು ತೆಗೆದಳು, ಅರ್ತಿಶ್ ಅಂತೆ,
ಉಳಿದದ್ದು ಒಂದು ಚಿಟಿಕೆ.
ಕೆಂಡಕ್ಕೆ ಬಿದ್ದದ್ದೇ ಅಂಗಳದಲ್ಲಿ
ನಾವು ಕಂಡಿಲ್ಲದ ಕಾಡೊಂದು ಎದ್ದು ನಿಂತು
ಕೆಮ್ಮಿಸಿತು.

ಮರಕ್ಕೆ ಕಟ್ಟಲು ಬಟ್ಟೆ ಕೇಳಿದಳು.
ಮಗ್ಗದ ಮೇಲಿದ್ದದ್ದು ಕರಿ ಕಂಬಳಿ, ಹಟ್ಟಿಯ ಕುರಿಯೆಲ್ಲಾ ಕರಿ.
ಕರೀದು ಆಗಲ್ಲ ಅಂತ ತಲೆಯಾಡಿಸಿದಳು.
ಅತ್ತೆಯ ಮುಖ ಬಿಗಿಯಿತು.
ಕರಿ ಕಂಬಳಿ ಹಾಸದೆ ನಮ್ಮಲ್ಲಿ ದೇವರು ಕೂತದ್ದುಂಟೇ?
ಫೋನು ಇದನ್ನು ಹೇಗೆ ಹೇಳಿತೋ, ಹುಡುಗಿ ಬೆಪ್ಪಾದಳು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಅತ್ತೆಯೇ ಗದ್ದುಗೆ ಹಾಸಿ, ಮೇಲೆ ಹಾಲಿನ ಬಟ್ಟಲಿಟ್ಟು,
‘ನೋಡೇ ಹೂವಿ, ಕರೀದಿದ್ರೇ ನಿನ್ ಹಾಲು ಕಾಣ್ಸೋದು’ ಅಂದು,
ಮಡಿಸಿಟ್ಟ ಹೊಸ ಪಂಚೆಯ ಅಂಚು
ನನ್ನ ಗಂಡನ ಕಣ್ಣೆದುರೇ ಪರ್ರನೆ ಹರಿದಳು.

ಬಾವಿಯ ಹೊಂಗೆಗೆ, ಮೂಡಲ ಕೊಂಬೆಗೆ ಕಟ್ಟಿದೆವು.
ಎಲೆ ಹಳದಿಯಾಗಿ ಉದುರುತ್ತಿತ್ತು,
ಅದೇ ಕಡ್ಡಿಯ ತುದಿಯಲ್ಲಿ ಎಳೆಹಸಿರು ಕಣ್ಣು ಬಿಡುತ್ತಿತ್ತು.
ಅವಳು ಗಲಿಬಿಲಿಯಾದಳು:
ಹಸಿರೆಲೆಗೊಂದು ಹಬ್ಬ ನಮ್ಮಲ್ಲಿ, ಹಳದಿಯೆಲೆಗೊಂದು,
ನಡುವೆ ಇಡೀ ಬೇಸಿಗೆಯಿದೆ. ನೀವು ಎರಡನ್ನೂ
ಒಂದೇ ಬೆಳಿಗ್ಗೆ ಹೇಗೆ ಮಾಡುತ್ತೀರಿ?
ನಾವು ಗುಡಿಸುತ್ತೇವೆ, ಅಂದೆ.

ಹೊತ್ತು ಮೂಡಿತು, ಕ್ರಷರಿನ ಧೂಳಲ್ಲಿ ಕೆಂಪಗೆ.
ಫೋನಿನಲ್ಲಿ ಅವಳಜ್ಜಿ, ಹಿಮದಲ್ಲಿ, ತುಪ್ಪಳದ ಟೋಪಿಯಲ್ಲಿ,
ಕೈಯಲ್ಲಿ ಸೌಟು.
ಅಲ್ಲೂ ಈಗಲೇ ಮೂಡುತ್ತಿದೆಯಂತೆ.
ಇಬ್ಬರೂ ಒಟ್ಟಿಗೆ ಹಾಲೆರಚಿದರು.
ಅಜ್ಜಿ ನಮ್ಮತ್ತೆಗೆ ಏನೋ ಹೇಳಿದಳು, ಅತ್ತೆ ‘ಹೂಂ ಕಣವ್ವ’ ಅಂದಳು.
ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಯುಗಾದಿಗೆ ಮೊದಲೇ ಹೊರಟಳು.
ಬಸ್ಸಿನ ಕಿಟಕಿಯಿಂದ ಫೋನು ಚಾಚಿ ಓದಿಸಿದ ಕೊನೆ ಮಾತು:
ಮೊದಲ ಗುಡುಗು ಕೇಳಿದಾಗ ನಮ್ಮ ಹೆಂಗಸರು
ಮನೆ ಸುತ್ತ ಹಾಲು ಚಿಮುಕಿಸುತ್ತಾರೆ,
ಆಕಾಶ ಎದ್ದಿತು ಅಂತ.

ನಿನ್ನೆ, ಭರಣಿ ಮಳೆ ಹುಟ್ಟುವ ಮುಂಚೆ,
ಬಡಗಲಲ್ಲಿ ಒಂದೇ ಒಂದು ಸಲ ಗುಡುಗಿತು.
ಒಲೆಯ ಮೇಲೆ ಚಹಾದ ಹಾಲಿತ್ತು.
ಸೌಟು ಯಾವಾಗ ಹಿಡಿದೆನೋ,
ಮಗ್ಗದ ಮನೆಯನ್ನು ಅರ್ಧ ಸುತ್ತು ಬಂದಿದ್ದೆ.
ಗಂಡ ನೋಡಿ ‘ಏನೇ ಇದು’ ಅಂದ.

ಕಣ್ಣು ಕಾಣದ ಅತ್ತೆ ಹಜಾರದಿಂದ ಕೂಗಿದಳು:
‘ಪಡುವಲ ಮೂಲೆ ಬಿಟ್ಟೆ ಕಣೇ.’

ಹೋಗಿ ಅಲ್ಲಿಗೂ ಹಾಕಿ ಬಂದೆ.
ಮಳೆ ಬರಲಿಲ್ಲ. ಚಹಾ ಕರಿದೇ ಕುಡಿದೆವು.