ಪುಡಿಗೇನ ಗೊತ್ತು

ಲಕ್ಕುಂಡಿ ದಾಟೂದ್ರಾಗ ಮುಳ್ಳು ಕೆಂಪಿಗೆ ಹತ್ತಿತ್ತು.
ಬಾನೆಟ್ ಎತ್ತಿದರ ಉಗಿ,
ರೇಡಿಯೇಟರಿನ ಮೂಲ್ಯಾಗ
ಹಸರ ನೀರಿನ ಒಂದ ಎಳಿ.

ಮುಳಗುಂದ ನಾಕಾದಾಗ ದಸ್ತಗೀರಣ್ಣ
ಬಾಟ್ಲಿ ಅಲುಗಾಡಿಸಿಗೋತ ಅಂದ:
"ಹಾಕತೀನಿ, ಹುಬ್ಬಳ್ಳಿ ಮುಟ್ಟತಿ.
ನಮ್ಮಪ್ಪ ಅರಿಷಿಣಪುಡಿ ಹಾಕತಿದ್ದ,
ಇದೂ ಅದ ಜಾತಿ.
ಆದ್ರ ಸೋರೂ ತೂತು ಯಾವುದು,
ಹರಿಯೂ ದಾರಿ ಯಾವುದು,
ಪುಡಿಗೇನ ಗೊತ್ತು?"

ಮುನ್ನೂರು ಕೊಟ್ಟೆ.
ಉಳ್ಳಾಗಡ್ಡಿ ಲೋಡು, ಬೆಳಗಾದರ ಸವಾಲು.
ಗಾಡಿ ತಳಗ ಬಗ್ಗಿ ನೋಡಿದೆ:
ಡಾಂಬರು ಒಣಾ.

ಅಣ್ಣಿಗೇರಿ ಆತು, ನಲವಡಿ ಆತು.

ಹ್ವಾದ ವಾರ ಕಸ್ತೂರಿ ಅಳಾಕತ್ತಾಗ
"ಸಾಕ ಮಾಡ" ಅಂದಿದ್ದೆ, ಅಷ್ಟ.
ಅಳು ನಿಂತಿತು.
ಅವತ್ತಿನಿಂದ ಚಾ ಇಡತಾಳ,
ಬುತ್ತಿ ಕಟ್ಟತಾಳ,
ಗಾಡಿ ಹೊಂಟರ ಬಾಗಲಾ ಹಾಕತಾಳ.
ಒಂದ ಮಾತಿಲ್ಲ.

ಮುಳ್ಳು ಮತ್ತ ಏರಾಕತ್ತೇತಿ.
ಕೆಳಗ ಮಾತ್ರ ಒಂದ ಹನಿನೂ ಇಲ್ಲ.